ಕಣ್ಣೀರು ಮೇಷ್ಟ್ರು

ಅನಾಥ ಮಕ್ಕಳ ಸಂಸ್ಥೆಯೊಂದಕ್ಕೆ ಇಪ್ಪತ್ತೆಂಟು ವರ್ಷಗಳಿಂದ ದೇಣಿಗೆ ಬೇಡುವ ಪತ್ರಗಳನ್ನು ಬರೆಯುತ್ತಿದ್ದ ಅವನನ್ನು ಕಚೇರಿಯವರೆಲ್ಲ ಕರೆಯುತ್ತಿದ್ದುದು ಕಣ್ಣೀರು ಮೇಷ್ಟ್ರು ಎಂದೇ. ಕಲ್ಲನ್ನೂ ಕರಗಿಸುವ ಕೈ ಅದು. “ಪತ್ರದಲ್ಲಿ ಒಂದೇ ಮಗು ಇರ್ಲಿ ಕಣ್ರೀ, ಎರಡಾದ್ರೆ ಕರುಣೆ ಹಂಚಿಹೋಗುತ್ತೆ” ಎಂಬುದು ಹೊಸಬರಿಗೆ ಅವನ ಮೊದಲ ಪಾಠ. ನಗುವ ಮಗುವಿನ ಫೋಟೋ ಕಂಡರೆ ಮೂಗು ಮುರಿಯುತ್ತಿದ್ದ, ಅಳುವ ಮಗುವನ್ನೂ ಒಲ್ಲೆನೆನ್ನುತ್ತಿದ್ದ. ಅಳು ಈಗಷ್ಟೇ ನಿಂತ ಮುಖವೇ ಆಗಬೇಕು. ಊಟದ ಡಬ್ಬಿ ತೆರೆದಿಟ್ಟುಕೊಂಡೇ ಹಸಿವಿನ ಬಗ್ಗೆ ಬರೆಯುತ್ತಿದ್ದ, ತುತ್ತಿಗೊಂದು ಸಾಲು. ಅವನ ಪತ್ರಗಳಲ್ಲಿ ಬರುವ, ನಡೆಯಲಾರದ ಆರು ವರ್ಷದ ಹುಡುಗಿ ಬರೀ ಕಲ್ಪನೆಯ ಕೂಸು. ಅವಳನ್ನು ಮನಸಾರೆ ನಂಬಿದವಳು ಅವನ ಒಡಹುಟ್ಟಿದ ಅಕ್ಕ. ಮಕ್ಕಳಿಲ್ಲದ ಆಕೆ ಒಂದು ದಿನ ಮನೆಗೆ ಬಂದು ಕೆಂಪು ಸ್ವೆಟರೊಂದನ್ನು ಅವನ ಕೈಗಿಟ್ಟಳು. “ನಿನ್ನ ಪತ್ರದ ಹುಡುಗಿಗೆ ಕಣೋ. ಬೆಳೀತಾ ಇರ್ತಾಳಲ್ಲ, ತೋಳು ಸ್ವಲ್ಪ ಉದ್ದ ಇಟ್ಟಿದ್ದೀನಿ. ಈಗ ನಡೀತಾಳಾ?” “ನಡೀತಾಳೆ ಅಕ್ಕಾ” ಎಂದ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು. ನಿಜ ಹೇಳಿಬಿಡೋಣವೆಂದು ಮರುದಿನ ಕಚೇರಿಯಲ್ಲಿ ಆ ಸ್ವೆಟರನ್ನು ಮೇಜಿನ ಮೇಲಿಟ್ಟುಕೊಂಡು ಅಕ್ಕನಿಗೆ ಕಾಗದ ಬರೆಯಲು ಕುಳಿತ. ನಾಲ್ಕು ಸಾಲು ದಾಟುವಷ್ಟರಲ್ಲಿ ಕೈ ತನ್ನ ಹಳೆಯ ಜಾಡು ಹಿಡಿದಿತ್ತು: ‘ಮಡಿಲು ತುಂಬದ ಮುದುಕಿಯೊಬ್ಬಳು, ತಾನೆಂದೂ ಕಂಡಿರದ ಮಗುವಿಗಾಗಿ ಚಳಿಗಾಲವಿಡೀ ಕೂತು ಸ್ವೆಟರ್ ಹೆಣೆದಿದ್ದಾಳೆ. ನೀವೇನು ಕೊಡುವಿರಿ?’ ಅವನು ಮತ್ತೊಮ್ಮೆ ಓದಿದ. ಬಲು ಚೆನ್ನಾಗಿ ಬಂದಿತ್ತು. ಮೇಲಿದ್ದ ‘ಪ್ರೀತಿಯ ಅಕ್ಕ’ ಎಂಬುದನ್ನು ಹೊಡೆದು, ‘ಪ್ರಿಯ ದಾನಿಗಳೇ’ ಎಂದು ತಿದ್ದಿ, ಅಚ್ಚಿಗೆ ಕಳಿಸಿದ.