ಈ ವರ್ಷ ಏನೇನು ಒಡೆದಿದೆ?

ಕೋವಿಡ್ ಹಾವಳಿ ಮುಗಿದು ಶಾಲೆಗಳು ಪೂರ್ಣವಾಗಿ ತೆರೆದ ವರ್ಷ ನಾನು ವಿಜಯಪುರ ಜಿಲ್ಲೆಯಲ್ಲಿ ವಿಜ್ಞಾನ ವಿಷಯ ಪರಿವೀಕ್ಷಕಿಯಾಗಿದ್ದೆ. ಪ್ರೌಢಶಾಲೆಗಳಿಗೆ ಹೋಗಿ ವಿಜ್ಞಾನವನ್ನು ಹೇಗೆ ಕಲಿಸುತ್ತಾರೆಂದು ನೋಡುವುದು, ಕಲಿಸದಿದ್ದರೆ ಏಕೆಂದು ಕೇಳುವುದು ಈ ಹುದ್ದೆಯ ಕೆಲಸ. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದನ್ನು ಮಾಡಿದವರಿಗೆ ವರ್ಗಾವಣೆ ಬೇಗ ಬರುತ್ತದೆ. ಅದೇ ವರ್ಷ ಹೊರದೇಶವೊಂದರ ಶಿಕ್ಷಣ ಸಹಕಾರ ಯೋಜನೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಿಗೆ ಬಂತು. ನನ್ನನ್ನು ಅದರ ನೋಡಲ್ ಅಧಿಕಾರಿಯಾಗಿ, ಅಂದರೆ ನಮ್ಮ ಶಾಲೆಗಳಿಗೂ ಆ ದೇಶದವರಿಗೂ ನಡುವಿನ ಕೊಂಡಿಯಾಗಿ, ನೇಮಿಸಿದರು.

ಮೊದಲ ವರ್ಷ ಅವರು ಆಯ್ದ ಸರ್ಕಾರಿ ಪ್ರೌಢಶಾಲೆಗಳಿಗೆ ಪ್ರಯೋಗಾಲಯದ ಸಾಮಗ್ರಿ ಕೊಟ್ಟರು. ಮರುವರ್ಷ ಹತ್ತನೆಯ ತರಗತಿಯ ಹೆಣ್ಣುಮಕ್ಕಳಲ್ಲಿ ಕೆಲವರನ್ನು ಆರಿಸಿ, ಪೂರ್ಣ ವೆಚ್ಚ ಭರಿಸಿ, ವಸತಿ ಸಹಿತ ಪದವಿಪೂರ್ವ ವಿಜ್ಞಾನ ಓದಿಸುವುದಿತ್ತು. ಆಯ್ಕೆಗೆ ಅಂಕಗಳು ಲೆಕ್ಕಕ್ಕಿಲ್ಲ. ಆ ದೇಶದಿಂದ ಬರುವ ತಂಡದವರೆದುರು ಹುಡುಗಿ ತನ್ನ ಕೈಯಿಂದಲೇ ಒಂದು ಪ್ರಯೋಗ ಮಾಡಿ ತೋರಿಸಬೇಕು. ನನ್ನ ಸೇವಾವಧಿಯಲ್ಲಿ ನಾನು ಕಂಡ ಅತ್ಯಂತ ನ್ಯಾಯವಾದ ಪರೀಕ್ಷೆ ಅದು. ಅದನ್ನು ಕೆಡಿಸಲು ನಾವು ಎಷ್ಟು ಶ್ರಮಪಟ್ಟೆವು ಎಂಬುದೇ ಈ ಕಥನ.

ಘಟನೆ ನಡೆದ ಊರು ಬಸವನ ಬಾಗೇವಾಡಿ ತಾಲ್ಲೂಕಿನದು. ಹೆಸರು ಹೇಳುವುದಿಲ್ಲ, ಹೇಳಿದರೆ ಉಳಿದ ಊರುಗಳು ತಪ್ಪಿಸಿಕೊಳ್ಳುತ್ತವೆ. ತಂಡ ಬರುವ ವಾರ ನಾನು ಸಿದ್ಧತೆ ನೋಡಲು ಹೋದೆ. ಅಂಗಳದಲ್ಲಿ ಹುಡುಗಿಯರ ಸಾಲೊಂದು ತಲೆಯ ಮೇಲೆ ನೀರು ತುಂಬಿದ ಕುಂಭ ಹೊತ್ತು ಗೇಟಿನಿಂದ ವೇದಿಕೆಯವರೆಗೆ ನಡೆಯುವ ತಾಲೀಮು ಮಾಡುತ್ತಿತ್ತು. ದಲಿತ ಓಣಿಯ ಹುಡುಗಿಯರು ಆ ಸಾಲಿನಲ್ಲಿರಲಿಲ್ಲ. ಅವರು ಅಂಗಳ ಗುಡಿಸುತ್ತಿದ್ದರು. ಒಳಗೆ ಗಾಜಿನ ಕಪಾಟಿನ ಮುಂದೆ ನಿಂತ ಹುಡುಗರು, ಬೀಗ ಹಾಕಿದ ಮೈಕ್ರೋಸ್ಕೋಪಿನತ್ತ ಕೋಲು ತೋರಿಸಿ, ಇಂಗ್ಲಿಷಿನಲ್ಲಿ ಅದರ ವರ್ಣನೆಯನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಒಂದೇ ಶಾಲೆಯಲ್ಲಿ, ಒಂದೇ ಗಂಟೆಯಲ್ಲಿ, ಜಾತಿ ಮತ್ತು ಲಿಂಗದ ಪಾಠ ಅಚ್ಚುಕಟ್ಟಾಗಿ ನಡೆಯುತ್ತಿತ್ತು. ವಿಜ್ಞಾನದ ಪಾಠವೊಂದೇ ಕಪಾಟಿನಲ್ಲಿತ್ತು.

ಗುಡಿಸುತ್ತಿದ್ದವರಲ್ಲಿ ರೇಣುಕಾ ಎಂಬ ಹುಡುಗಿ ಪೊರಕೆ ಹಿಡಿದೇ ನನ್ನ ಬಳಿ ಬಂದಳು.

“ಮೇಡಂ, ಪರೀಕ್ಷಾಕ್ಕ ನನ್ನ ಹೆಸರ ಕೊಟ್ಟಾರ. ಆದ್ರ ಆ ಮಷೀನ ಇನ್ನಾ ಮುಟ್ಟೇ ನೋಡಿಲ್ರಿ.”

ಕುಂಭದ ಸಾಲಿನ ಮುಂದಿದ್ದ ಹುಡುಗಿ ಕತ್ತು ತಿರುಗಿಸಲಾಗದೆ, ನೆಟ್ಟಗೆ ನೋಡುತ್ತಲೇ ಅಂದಳು: “ಕಸಬರಗಿ ಹಿಡಕೊಂಡ ಏನ ಪ್ರಯೋಗ ಮಾಡ್ತಿಯ?”

“ಕೊಡ ಹೊತ್ತು ನೀ ಏನ ಮಾಡ್ತಿ, ಅದನ್ನ,” ಎಂದಳು ರೇಣುಕಾ.

ಕುಂಭದ ಹುಡುಗಿ ಭಾಗ್ಯಶ್ರೀ, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಾಗಿದ್ದ ಗೌಡರ ಮಗಳು. ಅವಳ ಹೆಸರೂ ಪರೀಕ್ಷೆಗೆ ಇತ್ತು. ಅವಳೂ ಯಂತ್ರವನ್ನು ಮುಟ್ಟಿರಲಿಲ್ಲ. ರೇಣುಕಾಳ ಪಾಡು ಮಾತ್ರ ಬೇರೆ. ಝಳಕಿಯ ಹೆದ್ದಾರಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಅವಳ ಸೋದರಮಾವ ಬೇಸಿಗೆಯಲ್ಲಿ ಹೆಣ್ಣು ಕೇಳಲು ಬರುವವನಿದ್ದ. ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧವೆಂದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ತಡೆಯುವವರು ಯಾರೂ ಇರಲಿಲ್ಲ. ಈ ಸೀಟು ಸಿಕ್ಕರೆ ಕಳಿಸುವುದಾಗಿ ತಾಯಿ ಮಾತು ಕೊಟ್ಟಿದ್ದಳು. ಸಿಗದಿದ್ದರೆ ಉಳಿದ ದಾರಿ ಅದೊಂದೇ.

ಕಪಾಟು ತೆರೆಯಿರಿ ಎಂದೆ. ಹೆಡ್ ಮಾಸ್ತರರು ಕೆಟ್ಟವರಲ್ಲ, ಅಂಜುವ ಮನುಷ್ಯ. ಬಾಳಿಕೆ ಬರುವ ಸರ್ಕಾರಿ ವಸ್ತುಗಳನ್ನು ನಮ್ಮ ಇಲಾಖೆ ‘ಡೆಡ್ ಸ್ಟಾಕ್’ ಎನ್ನುತ್ತದೆ. ಅವು ಒಡೆದರೆ ಮುಖ್ಯೋಪಾಧ್ಯಾಯರೇ ಉತ್ತರ ಕೊಡಬೇಕು. ಹೆಸರಿಗೆ ತಕ್ಕಂತೆ ಅವರು ಅದನ್ನು ಹೆಣದ ಹಾಗೆಯೇ ಕಾಯ್ದಿದ್ದರು.

“ಹುಡುಗ್ರ ಕೈಯಾಗ ಕೊಟ್ರ ಒಡೀತಾವ್ರಿ ಮೇಡಂ. ಆಮ್ಯಾಗ ನನ್ನ ಪಗಾರದಾಗ ಹಿಡೀತಾರ.”

“ಒಡೀಲಿ ಅಂತನ ಕೊಟ್ಟಾರ್ರಿ ಅವನ್ನ. ಒಡದಿದ್ದಕ್ಕ ನಾ ಹೊಣಿ, ಬರದು ಕೊಡ್ತೇನಿ,” ಎಂದೆ. ಅಲ್ಲಿಯೇ ಬರೆದು ಸಹಿ ಮಾಡಿದೆ.

ಆದರೂ ಕಪಾಟು ತೆರೆಯಲಿಲ್ಲ. ಕೀಲಿಕೈ ಗೌಡರ ಮನೆಯಲ್ಲಿತ್ತು. ಶಾಲೆಯಲ್ಲಿ ಕಳವಾದೀತೆಂದು ಒಯ್ದಿದ್ದರಂತೆ. ಮಕ್ಕಳಿಗೆಂದು ಸಮುದ್ರ ದಾಟಿ ಬಂದ ವಸ್ತು ಕೊನೆಯ ನಾಲ್ಕು ಓಣಿ ದಾಟಲಾರದೆ ಕುಳಿತಿತ್ತು. ಸಿಪಾಯಿ ಹೋಗಿ ಕೀಲಿಕೈ ತಂದ.

ಮೈಕ್ರೋಸ್ಕೋಪ್ ಹೊರಗೆ ಬಂತು. ಹುಡುಗಿಯರಿಗೆ ಒಬ್ಬೊಬ್ಬರಾಗಿ ಕಣ್ಣಿಡಲು ಹೇಳಿದೆ. ಕೆಂಪು ಮಸುಕಲ್ಲದೆ ಏನೂ ಕಾಣಲಿಲ್ಲ. ಆಯುಧಪೂಜೆಯ ದಿನ ಅದಕ್ಕೆ ವಿಭೂತಿ ಎಳೆದು, ನಟ್ಟನಡುವೆ, ಅಂದರೆ ಸರಿಯಾಗಿ ಲೆನ್ಸಿನ ಮೇಲೆಯೇ, ಕುಂಕುಮ ಹಚ್ಚಿದ್ದರು. ಭಕ್ತಿಗೆ ನನ್ನ ತಕರಾರಿಲ್ಲ. ನೋಡಲೆಂದು ಮಾಡಿದ ಕಣ್ಣನ್ನೇ ಮುಚ್ಚಿ ಕೈಮುಗಿಯುವ ಭಕ್ತಿಗೆ ನನ್ನ ತಕರಾರಿದೆ, ಇಂದಿಗೂ ಇದೆ.

ಸ್ಪಿರಿಟ್ಟಿನಲ್ಲಿ ಲೆನ್ಸ್ ಒರೆಸಿದೆವು. ಬಿಸಿಯೂಟದ ಅಡುಗೆಯವರಿಂದ ಉಳ್ಳಾಗಡ್ಡಿ ತಂದು, ಅದರ ತೆಳುಪೊರೆಯನ್ನು ಗಾಜಿನ ಪಟ್ಟಿಯ ಮೇಲೆ ಹಾಸಿ, ಮೇಲೆ ಕವರ್ ಸ್ಲಿಪ್ ಎಂಬ ಉಗುರಿನಷ್ಟು ತೆಳುವಾದ ಗಾಜು ಮುಚ್ಚುವುದನ್ನು ತೋರಿಸಿದೆ. ರೇಣುಕಾಳ ಸರದಿಯಲ್ಲಿ ಆ ಗಾಜು ಚಟ್ಟನೆ ಸೀಳಿತು. ಎಲ್ಲರೂ ಅವಳನ್ನಲ್ಲ, ನನ್ನನ್ನು ನೋಡಿದರು. “ಇನ್ನೊಂದು ತಗೋ,” ಎಂದೆ. ಅಂದು ಸಂಜೆಯವರೆಗೆ ಮಕ್ಕಳು ಸಾಕಷ್ಟು ಗಾಜು ಒಡೆದರು. ಭಾಗ್ಯಶ್ರೀ ಒಡೆದದ್ದೇ ಹೆಚ್ಚು. ರೇಣುಕಾ ಅವಳಿಗೆ ಬೆರಳು ಹಿಡಿಯುವ ಬಗೆ ತೋರಿಸುತ್ತ, “ಕೊಡ ಅಲ್ಲವಾ ಇದು, ಮೆತ್ತಗ ಹಿಡಿ,” ಎನ್ನುವುದು ಕೇಳಿಸಿತು.

ಕುಂಭ ಬೇಡವೆಂದು ಹೇಳಿ ಬಂದಿದ್ದೆ. ಆದರೆ ತಂಡ ಬರುವ ಬೆಳಿಗ್ಗೆ ಹುಡುಗಿಯರು ಬಿಸಿಲಿನಲ್ಲಿ ಸಾಲುಗಟ್ಟಿದ್ದರು. ಪರೀಕ್ಷೆಗೆ ಕೂರಬೇಕಾದವರೂ ಅದರಲ್ಲಿದ್ದರು. ಕೆಳಗಿಳಿಸಿ ಒಳಗೆ ಹೋಗಿ ಎಂದೆ. ಗೌಡರು ಅಡ್ಡ ಬಂದರು.

“ಬಂದ ಮಂದಿ ಮುಂದ ಊರ ಮರ್ಯಾದಿ ತಗೀತೀರೇನ್ರಿ ಬಾಯಾರ?”

“ಊರ ಮರ್ಯಾದಿ ನೀವ ಹೊರ್ರಿ ಗೌಡ್ರ. ಹುಡುಗ್ಯಾರ ತಲಿ ಮ್ಯಾಲ ಯಾಕ ಇಡ್ತೀರಿ?”

ಅವರು ಉತ್ತರಿಸುವ ಮೊದಲೇ ಭಾಗ್ಯಶ್ರೀ ತನ್ನ ಕುಂಭ ಇಳಿಸಿದಳು. “ಅಪ್ಪಾ, ಕುತ್ತಿಗಿ ನೋಯಾಕತ್ತೈತಿ. ಪರೀಕ್ಷಾ ನಂದೂ ಐತಿ.” ಅಷ್ಟೇ. ಉಳಿದವರು ಅವಳನ್ನು ನೋಡಿ ಇಳಿಸಿದರು. ನೀರನ್ನು ಬೇವಿನ ಬುಡಕ್ಕೆ ಸುರಿದು ಒಳಗೆ ನಡೆದರು.

ತಪ್ಪು ನಮ್ಮದೊಂದೇ ಆಗಿರಲಿಲ್ಲ. ಕಾರಿನಿಂದಿಳಿದ ತಂಡದ ಛಾಯಾಗ್ರಾಹಕ, ತಲೆಯ ಮೇಲೆ ಬಿಂದಿಗೆ ಹೊತ್ತ ಹುಡುಗಿಯರು ಎಲ್ಲಿ, ತಮ್ಮ ವರದಿಯ ಮುಖಪುಟಕ್ಕೆ ಬೇಕಿತ್ತು ಎಂದು ಕೇಳಿದ. ನಮ್ಮ ಬಡತನಕ್ಕೂ ಒಂದು ವೇಷ ಹಾಕಿಸಿ ನೋಡುವ ಆಸೆ ಅವರದು. ದಾನಿಗಳ ಲೆನ್ಸಿಗೂ ಯಾರೋ ಕುಂಕುಮ ಹಚ್ಚಿದ್ದರು. ಕೊಡುವವರಿಗೆ ಎದುರಾಡಬಾರದೆಂಬ ಸುತ್ತೋಲೆ ನಮ್ಮಲ್ಲಿ ಇಲ್ಲ, ರೂಢಿ ಇದೆ. ಅದನ್ನು ಮುರಿದು, ಹುಡುಗಿಯರು ಪ್ರಯೋಗಾಲಯದಲ್ಲಿದ್ದಾರೆ, ಚಿತ್ರ ಅಲ್ಲಿಯೇ ತೆಗೆಯಬೇಕು ಎಂದೆ. ತಂಡದ ಮುಖ್ಯಸ್ಥೆ ಒಂದು ಗಳಿಗೆ ನನ್ನನ್ನು ನೋಡಿ, ಕ್ಯಾಮೆರಾ ಚೀಲದೊಳಗಿಡುವಂತೆ ಅವನಿಗೆ ಸನ್ನೆ ಮಾಡಿದರು.

ಆ ಶಾಲೆ ಪರೀಕ್ಷಾ ಕೇಂದ್ರವೂ ಆಗಿತ್ತು. ಸುತ್ತಲಿನ ಶಾಲೆಗಳ ಹುಡುಗಿಯರೂ ಬಂದಿದ್ದರು. ಉತ್ತಮ ಅಂಕ ಪಡೆದ ಹಲವರು ಯಂತ್ರದೆದುರು ಕೈಕಟ್ಟಿ ನಿಂತುಬಿಟ್ಟರು. ಮುಟ್ಟಿದರೆ ಬೈಯುತ್ತಾರೆಂದು ವರ್ಷಗಟ್ಟಲೆ ಕಲಿತಿದ್ದರು. ಆ ಕೈಗಳನ್ನು ಕಟ್ಟಿದವರು ನಾವು. ರೇಣುಕಾಳ ಸರದಿ ಬಂತು. ಕವರ್ ಸ್ಲಿಪ್ ಒತ್ತುವಾಗ ಮತ್ತೆ ಸೀಳಿತು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಒಡೆದದ್ದನ್ನು ಪಕ್ಕಕ್ಕಿಟ್ಟು, ಇನ್ನೊಂದು ತೆಗೆದುಕೊಂಡು, ಮುಚ್ಚಿ, ತಿರುಪು ಹೊಂದಿಸಿದಳು. ನಂತರ ಸರಿದು ನಿಂತು, ಆ ಮುಖ್ಯಸ್ಥೆಗೆ ಕನ್ನಡದಲ್ಲಿಯೇ ಹೇಳಿದಳು: “ಈಗ ನೀವು ನೋಡ್ರಿ.”

ರೇಣುಕಾ ಆಯ್ಕೆಯಾದಳು. ಭಾಗ್ಯಶ್ರೀ ಆಗಲಿಲ್ಲ, ಆದರೆ ಬಾಗೇವಾಡಿಯಲ್ಲಿ ವಿಜ್ಞಾನಕ್ಕೇ ಸೇರಿದಳು, ಗೌಡರೇ ಸೇರಿಸಿದರು. ಬೇಸಿಗೆಯಲ್ಲಿ ಸೋದರಮಾವ ಬಂದ ಸಂಗತಿಯನ್ನು ರೇಣುಕಾಳ ತಾಯಿ ನನಗೆ ಫೋನಿನಲ್ಲಿ ಹೇಳಿದಳು: “ಹುಡುಗಿ ಸಾಲಿಗಿ ಹೋಗ್ಯಾಳೋ ತಮ್ಮಾ, ನೀ ನೀರ ಕುಡದು ಹೋಗು ಅಂದೇನ್ರಿ.”

ಸ್ಥಳೀಯ ಸಂಪ್ರದಾಯಕ್ಕೆ ಅಗೌರವ ತೋರಿದ್ದಕ್ಕೆ ಕಾರಣ ಕೇಳುವ ನೋಟಿಸ್ ನನಗೆ ಬಂತು. ಹೆಣ್ಣುಮಕ್ಕಳನ್ನು ಪರೀಕ್ಷೆಯ ಹೊತ್ತಿನಲ್ಲಿ ಬಿಸಿಲಿಗೆ ನಿಲ್ಲಿಸುವುದು ಸಂಪ್ರದಾಯವಾಗಿದ್ದರೆ ಅಗೌರವ ತೋರಿದ್ದು ನಿಜ, ಅವಕಾಶ ಸಿಕ್ಕರೆ ಮತ್ತೆ ತೋರುತ್ತೇನೆ ಎಂದು ಉತ್ತರಿಸಿದೆ. ವರ್ಗಾವಣೆಯಾಯಿತು, ಹೋದೆ.

ಈಗ ನಿವೃತ್ತಳಾಗಿದ್ದೇನೆ. ಯಾವ ಅಧಿಕಾರವೂ ಇಲ್ಲದೆ, ಬಸ್ಸು ಹಿಡಿದು, ನಾಲ್ಕೂ ತಾಲ್ಲೂಕುಗಳ ಶಾಲೆಗಳಿಗೆ ಹೋಗುತ್ತೇನೆ. ಹೋದೊಡನೆ ಒಂದೇ ಪ್ರಶ್ನೆ ಕೇಳುತ್ತೇನೆ: ಈ ವರ್ಷ ಏನೇನು ಒಡೆದಿದೆ? ಪಟಪಟನೆ ಹೇಳುವ ಶಾಲೆಯಲ್ಲಿ ಕುಳಿತು ಚಹಾ ಕುಡಿಯುತ್ತೇನೆ. ಏನೂ ಒಡೆದಿಲ್ಲವೆಂದು ಹೆಮ್ಮೆಪಡುವ ಶಾಲೆಯಲ್ಲಿ ಕೂರುವುದಿಲ್ಲ; ನಿಂತೇ ಕೀಲಿಕೈ ಕೇಳುತ್ತೇನೆ.