ಹಸಿರು ಪರದೆಯ ಮುಂದೆ ಅವ್ವ

ಹಸಿರು ಬಣ್ಣ ಕಂಡರೆ ನಗಬೇಕೋ ಅಳಬೇಕೋ ನನಗೆ ತಿಳಿಯುವುದಿಲ್ಲ. ದ್ರಾಕ್ಷಿ ತೋಟಗಳ ಊರಾದ ಐಗಳಿಯಲ್ಲಿದ್ದುಕೊಂಡು ಇಂಥ ತೊಂದರೆ ತಂದುಕೊಂಡವಳು ನಾನೊಬ್ಬಳೇ ಇರಬೇಕು.

ಇದಕ್ಕೆಲ್ಲ ಕಾರಣ ನಮ್ಮ ಅವ್ವ. ಕೆಲವು ಶ್ರಾವಣಗಳ ಹಿಂದೆ ಚಿಕ್ಕೋಡಿಯ ಕೇಬಲ್ ಚಾನೆಲ್ಲಿನವರು ನಾಗರಪಂಚಮಿಯ ಉಂಡಿ ಕಟ್ಟುವುದನ್ನು ಹೇಳಿಕೊಡಲು ಅವಳನ್ನು ಕರೆದಿದ್ದರು. ಅವ್ವ ಹಸಿರು ಇಳಕಲ್ ಸೀರೆ ಉಟ್ಟು ಹೋದಳು. ಮುತ್ತೈದೆಯಾದವಳು ಹಬ್ಬಕ್ಕೆ ಬೇರೆ ಯಾವ ಬಣ್ಣ ಉಡಬೇಕು? ಟಿವಿಯಲ್ಲಿ ನೋಡಿದರೆ, ಯಾರದೋ ಹೊಳೆಯುವ ಅಡುಗೆಮನೆಯಲ್ಲಿ ಅವಳ ತಲೆ ಮತ್ತು ಎರಡು ಕೈ ಮಾತ್ರ ತೇಲುತ್ತಿದ್ದವು. ಮೈ ಇರಬೇಕಾದಲ್ಲಿ ಫ್ರಿಜ್ಜು. ಹಸಿರು ಬಳೆ ಇದ್ದಲ್ಲಿ ಕೈಯೂ ತುಂಡು.

"ಅಯ್ಯ ಶಿವನ, ಹೊಟ್ಟೀನ ಇಲ್ಲ! ಉಂಡಿ ತಿಂದ್ ಎಲ್ಲಿ ಇಟ್ಕೋಲಿ ಬೇ?" ಎಂದು ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಅಪ್ಪ ಟಿವಿಯಲ್ಲಿ ಬಂದದ್ದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದಾನೆ. ಅದರ ತುಂಬ ನಮ್ಮ ನಗುವೇ ಇದೆ, ಅವ್ವನ ಒಂದು ಮಾತೂ ಕೇಳಿಸುವುದಿಲ್ಲ. ಅವಳು ತೀರಿಕೊಂಡ ಮೇಲೆ ಹುಡುಕಿದರೆ, ಅವಳ ದನಿ ನಮ್ಮಲ್ಲಿ ಬೇರೆಲ್ಲೂ ಉಳಿದಿರಲಿಲ್ಲ. ಹಸಿರು ಸೀರೆಯೂ ಉಳಿದಿಲ್ಲ. ಮುತ್ತೈದೆಯಾಗಿ ಹೋದವಳು, ಅದನ್ನೇ ಉಡಿಸಿ ಕಳಿಸಿದೆವು.

ಮೊನ್ನೆ ಕಾಲೇಜಿನವರು ನಮ್ಮನ್ನು ಅದೇ ಚಾನೆಲ್ ನೋಡಲು ಕರೆದೊಯ್ದರು. ಗೊಬ್ಬರದಂಗಡಿಯ ಮೇಲಿನ ಒಂದು ಕೋಣೆ, ಒಂದು ಕ್ಯಾಮೆರಾ, ಗೋಡೆಗೆ ಹಸಿರು ಬಟ್ಟೆ. ಹುಟ್ಟುಹಬ್ಬದ ಶುಭಾಶಯಕ್ಕೂ ಶ್ರದ್ಧಾಂಜಲಿಗೂ ಒಂದೇ ಹೂವಿನ ಚೌಕಟ್ಟು; ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ. ಪರದೆಯ ಮೇಲಿನ ಮುದುಕರು ಹುಟ್ಟಿದ್ದಾರೋ ಹೋಗಿದ್ದಾರೋ ಎಂದು ಗೊಂದಲದಲ್ಲೇ ನಿಂತಿದ್ದೆ. ಗೆಳತಿಯರು ಸೆಲ್ಫಿಗೆ ಓಡಿದಾಗ, ಅಲ್ಲಿ ಕ್ಯಾಮೆರಾ, ಕಂಪ್ಯೂಟರ್ ಎರಡನ್ನೂ ನೋಡಿಕೊಳ್ಳುವ ಬಾಳು ಅಣ್ಣನನ್ನು, ಅಂದು ಅವ್ವನ ಮೈ ಮಾಯವಾದದ್ದು ಯಾಕೆ ಎಂದು ಕೇಳಿದೆ.

"ಉಂಡಿ ಅಕ್ಕನ ಮಗಳೇನವಾ ನೀ? ಏನ್ ಹೇಳ್ಲಿ, ಕಂಪ್ಯೂಟರಿಗಿ ಹಸರು ಅಂದ್ರ ಅಲ್ಲೇನೂ ಇಲ್ಲಂತ ಅರ್ಥ. ಹಸರು ಕಂಡಲ್ಲೆಲ್ಲಾ ಅಡಗಿಮನಿ ಕುಂಡರಸ್ತೈತಿ."

ಇದು ನನಗೆ ಇನ್ನೂ ಅರಗಿಲ್ಲ. ಬಳೆಯಿಂದ ಉಡಿ ತುಂಬುವ ಕುಪ್ಪಸದ ಕಣದವರೆಗೆ ಹಸಿರೆಂದರೆ ಎಲ್ಲವೂ ಇದೆ ಎಂದು ನಂಬಿದವರು ನಾವು. ಏನೂ ಇಲ್ಲ ಎಂದು ಕಂಪ್ಯೂಟರಿಗೆ ಕಲಿಸಿದವರು ಯಾರು?

"ಅವ್ವ ತೀರಿಕೊಂಡಾಳ್ರಿ. ದನಿ ಸಿಕ್ಕರ ಸಾಕ್ರಿ," ಎಂದೆ.

ಬಾಳು ಅಣ್ಣ ಕಂಪ್ಯೂಟರಿನತ್ತ ತಿರುಗಿ ಹಳೆಯ ಫೈಲುಗಳನ್ನು ತೆರೆದ. ಬಹಳ ಹೊತ್ತು ಹುಡುಕಿದ. ಕೊನೆಗೆ ಸಿಕ್ಕಿದ್ದು, ಅಡುಗೆಮನೆ ಕೂಡಿಸುವ ಮೊದಲು ಕ್ಯಾಮೆರಾ ಕಂಡಿದ್ದ ಮೂಲ ವಿಡಿಯೋ. ಹಸಿರು ಬಟ್ಟೆಯ ಮುಂದೆ ಹಸಿರು ಸೀರೆಯ ಅವ್ವ, ಹೊಟ್ಟೆ ಬಳೆ ಸಮೇತ ಪೂರ್ತಿ ಇದ್ದಳು. ಸೆರಗು ಸರಿಮಾಡಿಕೊಂಡು ಕೇಳಿದಳು: "ಯಪ್ಪಾ, ಚಾಲೂ ಆತೇನು? ಸೀರಿ ಬರೋಬ್ಬರಿ ಕಾಣ್ತೈತಿಲ್ಲೋ?"

ಕ್ಯಾಮೆರಾ ಹಿಂದಿನಿಂದ ಬಾಳು ಅಣ್ಣನದೇ ದನಿ: "ಏಕದಂ ಮಸ್ತ್ ಕಾಣ್ತೈತ್ರಿ ಅಕ್ಕಾ!"

ಇಬ್ಬರೂ ನಕ್ಕುಬಿಟ್ಟೆವು. ನಗುತ್ತಲೇ ನನ್ನ ಕಣ್ಣು ಮಂಜಾಯಿತು. ಅವನು ಅದನ್ನು ನನ್ನ ಫೋನಿಗೆ ಹಾಕುತ್ತ, ತಪ್ಪು ತಿದ್ದುವವನಂತೆ ಮೆಲ್ಲಗೆ ಕೇಳಿದ: "ಹಿಂದ ಒಂದ್ ಚಲೋ ಅಡಗಿಮನಿ ಹಾಕಿ ಕೊಡ್ಲೇನವಾ? ಈಗಿನ ಸಾಫ್ಟ್‌ವೇರಿನ್ಯಾಗ ಸೀರಿ ಅಳಸೂದಿಲ್ಲ."

"ಬ್ಯಾಡ್ರಿ ಅಣ್ಣಾ," ಎಂದೆ. "ಹಿಂದ ಏನೂ ಬ್ಯಾಡ. ಅಕಿ ಇದ್ದಾಳಲ್ರಿ."