ಲಿಗಿತಾ ಕೊಟ್ಟ ಶ್ರುತಿ

ಗಾಯಕವೃಂದವನ್ನು ಮುನ್ನಡೆಸುವವಳ ಮುಖ ಸಭಿಕರಿಗೆ ಕಾಣುವುದಿಲ್ಲ. ಅವರ ಪಾಲಿಗೆ ಬರುವುದು ಅವಳ ಬೆನ್ನು, ಎರಡು ಮೊಣಕೈ, ಕಪ್ಪು ಜಾಕೆಟ್ಟು. ಮುಖ ಇರುವುದು ಹಾಡುವವರಿಗೆ. ಲಿಗಿತಾ ವಾನಗಾ ಎಷ್ಟು ಹೆದರುತ್ತಿದ್ದಳೆಂಬುದು ನಮ್ಮ ಇಪ್ಪತ್ತಾರು ಜನರಿಗೆ ಗೊತ್ತಿದ್ದು, ಊರಿಗೆ ಗೊತ್ತಿಲ್ಲದೆ ಹೋದದ್ದು ಹೀಗೆ.

ಅವಳದು ಊರಿನ ಔಷಧಿ ಅಂಗಡಿಯಲ್ಲಿ ಕೆಲಸ. ಹನ್ನೆರಡು ವರ್ಷ ಹೆಂಗಸರ ಮೇಲುದನಿಯ ಸೊಪ್ರಾನೊ ಸಾಲಿನಲ್ಲಿ ನಿಂತು ಹಾಡಿದ್ದಳು. ನಾನು ಅವಳ ಹಿಂದೆ, ಹೆಂಗಸರ ತಗ್ಗುದನಿಯ ಆಲ್ಟೊ ಸಾಲಿನಲ್ಲಿ. ಮೂವತ್ತೇಳು ವರ್ಷ ನಮ್ಮನ್ನು ನಡೆಸಿದ ವೆಲ್ತಾ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಭುಜ ಎತ್ತಲಾಗದೆ ಹೋದಾಗ, ಲಿಗಿತಾಳನ್ನು ಕರೆದು, ಇನ್ನು ವೃಂದ ನಡೆಸುವವಳು ನೀನೇ ಎಂದರು.

"ಬೇಡ ಟೀಚರ್, ನನ್ನಿಂದಾಗಲ್ಲ."

"ಆಗಲ್ಲ ಅಂತ ನನಗೂ ಗೊತ್ತು. ಮಂಗಳವಾರ ಆರು ಗಂಟೆಗೆ ಬಾ."

ಪಾಠ ನಡೆದದ್ದು ವೆಲ್ತಾ ಅವರ ಅಡುಗೆಮನೆಯಲ್ಲಿ. ಎರಡೂ ಕಂಕುಳಲ್ಲಿ ಮಡಿಸಿದ ಪತ್ರಿಕೆ ಇಟ್ಟು, ಅದು ಬೀಳದಂತೆ ಕೈ ಆಡಿಸಬೇಕು. ಬಿದ್ದರೆ, "ಏನೇ ಅದು, ಬಾತುಕೋಳಿ ಅಟ್ಟುತಿದೀಯಾ?" ಅನ್ನುತ್ತಿದ್ದರು. ಕನ್ನಡಿಯ ಮುಂದೆ ಸದ್ದಿಲ್ಲದೆ ಇಡೀ ಹಾಡು ನಡೆಸಬೇಕು, ಉಸಿರೆಳೆಯುವ ಜಾಗಗಳನ್ನೂ ಸೇರಿಸಿ. ಕೊನೆಗೆ ಶ್ರುತಿ. ನಮ್ಮಲ್ಲಿ ಪಕ್ಕವಾದ್ಯವಿಲ್ಲ. ಶ್ರುತಿಕವೆ, ಅಂದರೆ ಉಕ್ಕಿನ ಟ್ಯೂನಿಂಗ್ ಫೋರ್ಕನ್ನು, ಮಂಡಿಗೆ ತಟ್ಟಿ ಕಿವಿಗೆ ಹಿಡಿದು, ಅದು ನುಡಿಯುವ ಒಂದೇ ಸ್ವರದಿಂದ ನಾಲ್ಕು ಸಾಲಿನ ಸ್ವರಗಳನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕಿ ಗುನುಗಬೇಕು. ಅಡುಗೆಮನೆಯಲ್ಲಿ ಲಿಗಿತಾ ಒಮ್ಮೆಯೂ ತಪ್ಪಲಿಲ್ಲ.

"ಕೊಟ್ಟ ಶ್ರುತಿ ವಾಪಸ್ ತಗೋಬೇಡ," ಎನ್ನುವುದು ವೆಲ್ತಾ ಅವರ ಕಟ್ಟಳೆ. "ತಪ್ಪೋ ಸರಿಯೋ, ಅದರ ಮೇಲೇ ನಿಂತ್ಕೋ. ನೀನು ಅಲ್ಲಾಡಿದ್ರೆ ಅವರೆಲ್ಲ ಬಿದ್ದುಹೋಗ್ತಾರೆ."

ರಾಜಧಾನಿ ರೀಗಾದ ಹಾಡುಹಬ್ಬ ಐದು ವರ್ಷಕ್ಕೊಮ್ಮೆ. ಅದಕ್ಕೆ ಮೊದಲು ತೀರ್ಪುಗಾರರು ಎಲ್ಲ ವೃಂದಗಳ ಹಾಡನ್ನೂ ಕೇಳಿ, ಯಾರು ಬರಬಹುದು ಎಂದು ಹೇಳುತ್ತಾರೆ. ಆ ಚಳಿಗಾಲದಲ್ಲಿ ನಮ್ಮಿಂದ ಆರು ಜನ ಬಿಟ್ಟುಹೋಗಿದ್ದರು. ತೀರ್ಪುಗಾರರು ಬೇಡವೆಂದರೆ ಉಳಿದವರೂ ಪಕ್ಕದೂರಿನ ವೃಂದಕ್ಕೆ ಹೋಗುವವರೇ. ಆಮೇಲೆ ನಮ್ಮೂರಿನಲ್ಲಿ ವೃಂದವೇ ಇರುವುದಿಲ್ಲ.

ಏಪ್ರಿಲ್‌ನಲ್ಲಿ ತೀರ್ಪುಗಾರರ ಮುಂದೆ ಹಾಡಲು ವಾಲ್ಮಿಯೆರಾ ಪಟ್ಟಣಕ್ಕೆ ಬಸ್ಸಿನಲ್ಲಿ ಹೊರಟೆವು. ಲಿಗಿತಾ ಬುತ್ತಿಯ ಕಪ್ಪು ರೊಟ್ಟಿಯನ್ನು ಬಿಚ್ಚಲೇ ಇಲ್ಲ.

"ನಿನ್ನ ಬಣ್ಣ ನೋಡಿದ್ರೆ ಅಂಗಡಿಯವಳಿಗೇ ಔಷಧಿ ಕೊಡಬೇಕು ಅನ್ಸುತ್ತೆ," ಎಂದ ಗಂಡಸರ ತಗ್ಗುದನಿಯ ಬಾಸ್ ಸಾಲಿನ ಗುಂಟಿಸ್. ಅವನು ಟ್ರ್ಯಾಕ್ಟರ್ ರಿಪೇರಿಯವನು.

"ನೀವು ಎರಡನೇ ಪುಟದಲ್ಲಿ ಬೇಗ ನುಗ್ಗದಿದ್ರೆ ಸಾಕು. ಅದೇ ನನಗೆ ಔಷಧಿ."

ಮೊದಲ ಹಾಡು ಸರಿಯಾಗಿ ಮುಗಿಯಿತು. ಎರಡನೆಯದನ್ನು ಚೀಟಿ ಎತ್ತಿ ಆರಿಸುತ್ತಾರೆ. ಬಂದದ್ದು ನಾವು ಚಳಿಗಾಲವಿಡೀ ಹಾಡಿದ್ದೇ. ಲಿಗಿತಾ ಶ್ರುತಿಕವೆ ತಟ್ಟಿ, ಗುನುಗಿ, ಕೈ ಎತ್ತಿದಳು.

ಶ್ರುತಿ ತಪ್ಪಾಗಿತ್ತು. ತೀರಾ ಮೇಲೆ. ಮೊದಲ ಹಾಡಿನ ಲೆಕ್ಕ ಅವಳ ತಲೆಯಲ್ಲಿ ಉಳಿದುಬಿಟ್ಟಿರಬೇಕು. ಆರು ತಿಂಗಳು ಹಾಡಿದ ಹಾಡಿನ ಜಾಗ ಗಂಟಲಿಗೇ ಗೊತ್ತಿರುತ್ತದೆ. ಅರ್ಧ ಜನ ಅವಳು ಕೊಟ್ಟದ್ದನ್ನು ಹಿಡಿದರೆ, ಇನ್ನರ್ಧ ಜನ ಗಂಟಲಿನ ಹಳೆಯ ಜಾಗವನ್ನೇ ಹಿಡಿಯುತ್ತಾರೆ. ಎಲ್ಲರೂ ಒಂದೇ ಶ್ರುತಿಗೆ ಬಂದರೂ ಮೂರನೇ ಪುಟದಲ್ಲಿ ಸೊಪ್ರಾನೊಗಳ ಮೇಲಿನ ಸ್ವರ ಕಿರುಚಾಟವಾಗುತ್ತದೆ. ಗುಂಟಿಸ್ ಬಾಯಿ ಮುಚ್ಚಿ ನೆಲ ನೋಡುತ್ತಿದ್ದ.

ಉಳಿದವರೆಲ್ಲ ಆಗಲೇ ಉಸಿರೆಳೆದುಕೊಂಡಿದ್ದೆವು. ಲಿಗಿತಾಳ ತುಟಿಯಲ್ಲಿ ರಕ್ತವಿರಲಿಲ್ಲ. ಅವಳ ಕಣ್ಣು ನಮ್ಮ ಮೇಲೆ ಒಂದೊಂದು ಸಾಲಾಗಿ ಹರಿಯಿತು, ತಪ್ಪು ಅವಳಿಗೂ ಗೊತ್ತಾಯಿತು. ಸಭಿಕರ ನಾಲ್ಕನೇ ಸಾಲಿನಲ್ಲಿ ವೆಲ್ತಾ ಕೂತಿದ್ದರು. ಹೇಗಾದರೂ ಶುರುಮಾಡಿ ಮುಗಿಸಿಬಿಡಲಿ ಎಂದು ನಾನು ಬಯಸಿದ್ದೆ, ಒಪ್ಪಿಕೊಳ್ಳುತ್ತೇನೆ.

ಅವಳು ಕೈ ಇಳಿಸಿದಳು.

ಎಳೆದ ಉಸಿರನ್ನು ಇಷ್ಟೂ ಜನ ಒಟ್ಟಿಗೆ ಬಿಟ್ಟ ಸದ್ದು ಸಭಾಂಗಣದಲ್ಲಿ ಕೇಳಿಸಿತು. ತೀರ್ಪುಗಾರರ ಮೇಜಿನಲ್ಲಿ ಒಬ್ಬರು ಪೆನ್ಸಿಲ್ ಎತ್ತಿಕೊಂಡರು. ಲಿಗಿತಾ ಅವರ ಕಡೆ ತಿರುಗಿದಳು. "ಕ್ಷಮಿಸಿ, ತಪ್ಪು ಶ್ರುತಿ ಕೊಟ್ಟೆ. ಇನ್ನೊಂದ್ಸಲ ಕೊಡ್ತೀನಿ."

ಮೊದಲ ಪೆಟ್ಟಿಗೆ ಶ್ರುತಿಕವೆ ನುಡಿಯಲೇ ಇಲ್ಲ. ಎರಡನೆಯದಕ್ಕೆ ನುಡಿಯಿತು. ಅದನ್ನು ಕಿವಿಗೆ ಹಿಡಿದು ಅವಳು ಅವಸರವಿಲ್ಲದೆ ನಿಂತಳು. ಆಮೇಲೆ ಬಾಸ್‌ನಿಂದ ಶುರುಮಾಡಿ ಒಂದೊಂದೇ ಸಾಲಿಗೆ ಕೊಟ್ಟಳು. ಹಾಡಿದೆವು. ನಮ್ಮ ಅತ್ಯುತ್ತಮ ಹಾಡುಗಾರಿಕೆಯೇನಲ್ಲ. ಗಂಡಸರ ಮೇಲುದನಿಯ ಟೆನರ್‌ಗಳು ಹಿಂದೆ ಬಿದ್ದರು. ಮೂರನೇ ಪುಟದ ಸ್ವರ ಮಾತ್ರ ತನ್ನ ಜಾಗದಲ್ಲಿ ಬಂತು.

ಎರಡು ಗಂಟೆ ಕಳೆದ ಮೇಲೆ ಬಾಗಿಲಿಗೆ ಪಟ್ಟಿ ಅಂಟಿಸಿದರು. ರೀಗಾಕ್ಕೆ ಹೋಗುವವರಲ್ಲಿ ನಮ್ಮ ಹೆಸರು ಕೊನೆಯಿಂದ ಎರಡನೆಯದು.

"ನಾನಾಗಿದ್ರೆ ಹಾಗೇ ಮುಂದುವರಿಸ್ತಿದ್ದೆ," ಎಂದರು ವೆಲ್ತಾ.

"ಗೊತ್ತು ಟೀಚರ್."

"ಮೂರನೇ ಪುಟದಲ್ಲಿ ಎಲ್ಲರೂ ಸತ್ತಿರ್ತಿದ್ವಿ."

ಲಿಗಿತಾ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಮುಖ ತೊಳೆದು ಬಂದು, ಮಂಗಳವಾರ ಟೆನರ್‌ಗಳು ಅರ್ಧ ಗಂಟೆ ಮೊದಲೇ ಬರಬೇಕೆಂದಳು.

ಜುಲೈಯಲ್ಲಿ ರೀಗಾದಲ್ಲಿ ಸಾವಿರಾರು ಜನರನ್ನು ನಡೆಸಿದವರು ಬೇರೆ. ಊರೂರಿನ ನಿರ್ದೇಶಕರು ಅಲ್ಲಿ ತಮ್ಮವರ ನಡುವೆಯೇ ನಿಂತು ಹಾಡುತ್ತಾರೆ. ಲಿಗಿತಾ ವೇದಿಕೆಯಲ್ಲಿ ನನ್ನ ಮುಂದಿನ ಮೆಟ್ಟಿಲಲ್ಲಿ, ತಾವಾಗಿ ಏಳದಂತೆ ಎರಡೂ ಕೈಯನ್ನು ಬೆನ್ನ ಹಿಂದೆ ಗಟ್ಟಿಯಾಗಿ ಕಟ್ಟಿಕೊಂಡು, ಸಂಜೆಯವರೆಗೆ ಹಾಡಿದಳು.